ಮಂಚದ ಮೇಲಿನ ರೈಲು ದಾರಿ

ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುರ್ಚಿಯ ಮೇಲೆ ಕೂತರೆ ಸಾಕು, ಬಲಗಾಲು ತಾನಾಗಿಯೇ ಅಲ್ಲಾಡತೊಡಗುತ್ತದೆ. ಅದನ್ನು ಕೈಯಿಂದ ಅದುಮಿ ಹಿಡಿದರೆ ಎಡಗಾಲು ಶುರುಮಾಡುತ್ತದೆ. ಊಟಕ್ಕೆ ಕೂತವನು ಸಾರಿಗೂ ಮಜ್ಜಿಗೆಗೂ ನಡುವೆ ಎಂಜಲು ಕೈಯಲ್ಲೇ ಎದ್ದು ಬೀದಿ ಬಾಗಿಲವರೆಗೆ ಹೋಗಿ ಬರುತ್ತೇನೆ. ಬೀದಿಯಲ್ಲಿ ಏನೂ ಇರುವುದಿಲ್ಲ. ಇಲ್ಲವೆಂದು ನೋಡಿಕೊಂಡು ಬಂದರೆ ಮಾತ್ರ ಮಜ್ಜಿಗೆ ಒಳಗಿಳಿಯುತ್ತದೆ. ನಾನು ಹುಟ್ಟಿದ ಅಕ್ಕೂರಿನಲ್ಲಿ ನಮ್ಮಜ್ಜಿ, ಕೂತು ಕಾಲಾಡಿಸಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ನನ್ನ ಮಂಡಿಗೆ ಬಾರಿಸುತ್ತಿದ್ದಳು. ಲಕ್ಷ್ಮಿ ನಿಂತಳೋ ಬಿಟ್ಟಳೋ, ಕಾಲಂತೂ ನಿಲ್ಲಲಿಲ್ಲ.

ಇಂಥವನಿಗೆ ದೇವರು ದಯಪಾಲಿಸಿದ್ದು ಕೂತು ಮಾಡುವ ಕೆಲಸ. ಮಹಾರಾಜರ ಕಾಲದಲ್ಲಿ ನಾನು ಚನ್ನಪಟ್ಟಣದ ರೈಲು ಸ್ಟೇಷನ್ನಿನಲ್ಲಿ ಟಿಕೆಟ್ ಗುಮಾಸ್ತನಾಗಿದ್ದೆ. ಒಂದು ಮೊಳದಗಲದ ಕಿಂಡಿ, ಅದರ ಹಿಂದೆ ನಾನು. ಮೈಸೂರಿಗೆ ಹೋಗುವವರು, ಬೆಂಗಳೂರಿಗೆ ಹೋಗುವವರು, ಮದುವೆಗೆ, ಮಸಣಕ್ಕೆ, ಕೋರ್ಟಿಗೆ ಹೋಗುವವರು ಎಲ್ಲರೂ ಆ ಕಿಂಡಿಗೆ ಮುಖವಿಟ್ಟು ಕೇಳುವರು. ನಾನು ಟಿಕೆಟ್ ಕೊಟ್ಟು ಕಳಿಸುವೆ. ರೈಲು ಬಂದು, ಉಗುಳಿ, ಕೂಗಿ, ಹೊರಟು ಹೋಗುವುದು. ನಾನು ಅಲ್ಲೇ. ಜನರನ್ನೆಲ್ಲ ಊರೂರಿಗೆ ಸಾಗಿಸಿ ತಾನು ಮಾತ್ರ ಕದಲದೆ ಕೂತಿರುವವನ ಸಂಕಟ ಎಷ್ಟೆಂಬುದು ನನ್ನ ಕಾಲಿಗೆ ಚೆನ್ನಾಗಿ ಗೊತ್ತು.

ಒಂದು ದಿನ ಮೊದಲ ದರ್ಜೆಯ ಪ್ರಯಾಣಿಕರು ಕೂರುವ ಕೋಣೆಯಲ್ಲಿ ಯಾರೋ ಬಿಳಿಯ ದೊರೆ ಬಿಟ್ಟುಹೋದ ಬಣ್ಣದ ಪುಸ್ತಕವೊಂದು ಸಿಕ್ಕಿತು. ಇಂಗ್ಲೆಂಡ್ ಸೀಮೆಯ ಅಂಗಡಿಯೊಂದರ ಸಾಮಾನುಗಳ ಪಟ್ಟಿ ಅದು. ಟೋಪಿ, ಛತ್ರಿ, ಬಂದೂಕು ಎಲ್ಲ ದಾಟಿ ಪುಟ ತಿರುವಿದರೆ, ಒಂದು ಮೇಜಿನ ಮೇಲೆ ಪುಟ್ಟ ರೈಲು! ಅಂಗೈಯಷ್ಟು ಎಂಜಿನ್ನು, ಸುತ್ತಲೂ ಬಳೆಯಂತೆ ಹಾಸಿದ ಹಳಿ, ಬೆಟ್ಟ, ಬೆಟ್ಟದ ಹೊಟ್ಟೆಯೊಳಗೆ ಸುರಂಗ, ಮೇಜಿನ ಪಕ್ಕದಲ್ಲಿ ಮೀಸೆ ಹೊತ್ತ ಒಬ್ಬ ದೊಡ್ಡ ಮನುಷ್ಯ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಆ ಮೀಸೆಯೇ ನನ್ನನ್ನು ಕೆಡಿಸಿದ್ದು. ಇಷ್ಟು ದೊಡ್ಡ ಮೀಸೆಯವನು ಆಡಬಹುದಾದರೆ ನಾನೇಕೆ ಆಡಬಾರದು? ಅದೂ ಚನ್ನಪಟ್ಟಣದಲ್ಲಿದ್ದುಕೊಂಡು! ಊರೆಲ್ಲ ಬೊಂಬೆ ಮಾಡುವವರೇ ತುಂಬಿರುವಾಗ ಸೀಮೆಯ ಅಂಗಡಿಯ ಹಂಗೇಕೆ?

ಅಲ್ಲಿಂದ ನನ್ನ ಹೆಂಡತಿ ಪಾರ್ವತಿಯ ಕಷ್ಟಕಾಲ ಶುರುವಾಯಿತು. ಸ್ಟೇಷನ್ನಿನಲ್ಲಿ ರದ್ದಾದ ಕಾಗದಗಳ ಹಿಂಬದಿಯಲ್ಲೆಲ್ಲ ನಕ್ಷೆ ಬರೆದೆ. ಒಂದು ಬರೆದು ಮುಗಿಸುವಷ್ಟರಲ್ಲಿ ಅದರಲ್ಲಿ ತಪ್ಪು ಕಾಣಿಸುವುದು, ಇನ್ನೊಂದು ಬರೆಯುವೆ. ಕಾಗದ ಸಾಲದೆ ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೀಚಿದೆ. ಪಾರ್ವತಿ ಬೆಳಿಗ್ಗೆ ಸಾರಿಸಿಬಿಡುವಳು. ನಾನು ಮತ್ತೆ ಗೀಚುವೆ. ಆ ಕಾಲಕ್ಕೆ ಇನ್ನೂ ಕ್ಲೋಸ್‌ಪೇಟೆ ಎನ್ನುತ್ತಿದ್ದ ಈಗಿನ ರಾಮನಗರವನ್ನು ಒರಳುಕಲ್ಲಿನ ಪಕ್ಕದಲ್ಲಿಟ್ಟೆ. ಅಲ್ಲಿ ಹೇಗೂ ಬಂಡೆಯೊಂದು ಬೇಕಿತ್ತು. ರೈಲನ್ನೇ ಕಾಣದ ಕನಕಪುರಕ್ಕೂ ಧಾರಾಳವಾಗಿ ಒಂದು ದಾರಿ ಕೊಟ್ಟೆ. ಸರ್ಕಾರ ಮಾಡಲಾರದ್ದನ್ನು ಸುಣ್ಣದ ಕಡ್ಡಿ ಮಾಡುತ್ತದೆ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಪಾರ್ವತಿ ಮಾಗಡಿ ತಾಲ್ಲೂಕಿನ ಕಲ್ಯದವಳು. ಅಲ್ಲಿಗೂ ರೈಲಿಲ್ಲ, ಎತ್ತಿನ ಗಾಡಿಯೇ ಗತಿ. ನನಗೂ ಗಾಡಿಗೂ ಆಗಿಬರುವುದಿಲ್ಲ. ಗಾಡಿ ಹೋಗುವ ನಿಧಾನಕ್ಕೆ ನನ್ನ ಕಾಲು ಒಳಗೊಳಗೇ ಕುದಿಯುತ್ತದೆ. ಇಳಿದು ಮುಂದೆ ನಡೆದು, ಯಾವುದಾದರೂ ಮರದ ಕೆಳಗೆ ಕಾದು, ಗಾಡಿ ಬರಲಿಲ್ಲವೆಂದು ಹಿಂದಕ್ಕೆ ಬಂದು, ಹೀಗೆ ಒಂದೇ ದಾರಿಯನ್ನು ಮೂರು ಸಲ ನಡೆಯುತ್ತೇನೆ. ನನ್ನ ಮದುವೆಗೆ ಹೋಗುವಾಗಲೂ ಬಾಸಿಂಗ ಹಿಡಿದುಕೊಂಡು ಗಾಡಿಯ ಮುಂದೆ ನಡೆದೇ ಹೋದವನು ನಾನು. ಮದುವಣಿಗ ಎಲ್ಲಿ ಎಂದು ಕಲ್ಯದವರು ಗಾಡಿಯೊಳಗೆ ಹುಡುಕಿದ್ದರಂತೆ. ಹೀಗಾಗಿ ತವರಿಗೆ ಹೋಗೋಣವೆಂದು ಪಾರ್ವತಿ ಕೇಳಿದಾಗಲೆಲ್ಲ ನಾನು, ಮಾಗಡಿಗೆ ರೈಲು ಬರಲಿ, ಪಾಸಿನಲ್ಲಿ ಪುಕ್ಕಟೆ ಕರೆದುಕೊಂಡು ಹೋಗುತ್ತೇನೆ ಎಂದುಬಿಡುತ್ತಿದ್ದೆ. ಮೂರು ವರ್ಷದಿಂದ ಇದೇ ಮಾತು. ಅವಳೂ ಕೇಳುವುದನ್ನು ಹೆಚ್ಚು ಕಡಿಮೆ ಬಿಟ್ಟಿದ್ದಳು.

ನಕ್ಷೆಯಲ್ಲಿ ಕಲ್ಯಕ್ಕೊಂದು ಸ್ಟೇಷನ್ ಇಟ್ಟೆನೆಂದು ತೋರಿಸಿದಾಗ ಅವಳು ಮೊದಲ ಬಾರಿಗೆ ಬಗ್ಗಿ ನೋಡಿದಳು. ಕೆರೆ ಒಸಿ ಆಕಡೀಕ್ ಬರ್ಬೇಕು ಎಂದಳು. ತಮ್ಮ ಮನೆ ಕೆರೆ ಏರಿಯ ಕೆಳಗೆ, ಬೇವಿನ ಮರದ ಎಡಕ್ಕೆ ಎಂದಳು. ನಾನು ಕೆರೆಯನ್ನು ಆ ಕಡೆಗೆ ಸರಿಸಿದೆ. ಅವಳ ಮುಖದಲ್ಲಿ ನಗು ಬಂದದ್ದು ನೋಡಿ, ಕರೆದುಕೊಂಡು ಹೋದಷ್ಟೇ ಪುಣ್ಯ ಬಂತು ಎಂದುಕೊಂಡೆ. ಎಂಥ ಭಂಡ ನೋಡಿ ನಾನು.

ನಕ್ಷೆ ಸಿದ್ಧವಾಯಿತು, ಇನ್ನು ಕಟ್ಟುವುದಕ್ಕೆ ಗಟ್ಟಿಯಾದ ನೆಲ ಬೇಕು. ಇಲ್ಲಿ ನಮ್ಮ ಮನೆಯ ಮಂಚದ ವಿಷಯ ಹೇಳಬೇಕು. ಪಾರ್ವತಿಯ ತವರಿನಿಂದ ಬಂದ ಹಲಗೆ ಮಂಚ ಅದು. ನಾಲ್ಕು ಕಾಲಿಗೂ ಅರಗಿನ ಕೆಂಪು, ಹಳದಿ ಪಟ್ಟೆ. ಅದು ಬರೀ ಮಲಗುವ ಮಂಚವಲ್ಲ. ಆ ಮನೆಯ ಹೆಂಗಸರ ಬಾಣಂತನವೆಲ್ಲ ಅದರ ಮೇಲೆಯೇ ಆಗಬೇಕೆಂಬುದು ಅವರ ಪದ್ಧತಿ. ಹೆರಿಗೆ ಚಾಪೆಯ ಮೇಲೆ, ಆಮೇಲೆ ತಾಯಿ ಮಗು ಈ ಮಂಚದ ಮೇಲೆ. ನಮ್ಮತ್ತೆ ಅದರ ಮೇಲೆ ಮಲಗಿದವರು, ಅವರತ್ತೆಯೂ ಮಲಗಿದವರು. ಹಿರಿಯ ಮಗಳೆಂದು ಪಾರ್ವತಿಗೆ ಕೊಟ್ಟು ಕಳಿಸಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಆ ಕೆಲಸ ಬರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ನಾವಿಬ್ಬರೂ ಆ ಮಾತು ಆಡುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಅವಳ ತಂಗಿ ಗೌರಿ ಈಗ ಬಸುರಿ, ಚೊಚ್ಚಿಲು, ಹೆರಿಗೆಗೆ ಕಲ್ಯಕ್ಕೆ ಬರುವವಳು. ಮಂಚ ಅಲ್ಲಿಗೆ ಹೋಗಬೇಕು, ತಾನೇ ಜೊತೆಯಲ್ಲಿ ಹೋಗಿ ತನ್ನ ಕೈಯಾರೆ ಹಾಕಿಸಿ ಬರಬೇಕೆಂದು ಪಾರ್ವತಿ ಹೇಳಿದಳು. ಅವಳು ಬೇರೆ ಏನನ್ನೂ ಅಷ್ಟು ಗಟ್ಟಿಯಾಗಿ ಕೇಳಿದವಳಲ್ಲ. ಇನ್ನೂ ನಾಲ್ಕು ತಿಂಗಳಿದೆಯಲ್ಲ, ಅಷ್ಟರಲ್ಲಿ ರೈಲು ಒಂದು ಸುತ್ತು ಓಡಿಸಿ ಬಿಚ್ಚಿಬಿಡುತ್ತೇನೆ ಎಂದು ನಾನು ಆಣೆ ಮಾಡಿ, ಅದೇ ದಿನ ಮಂಚಕ್ಕೆ ಮೊಳೆ ಹೊಡೆದೆ.

ಹಳಿಗೆ ಛತ್ರಿಯ ಕಡ್ಡಿ. ಒಂದು ಛತ್ರಿಗೆ ಎಂಟು ಕಡ್ಡಿಯಂತೆ ಎರಡು ಛತ್ರಿಗೆ ಒಂದು ಸುತ್ತು ಸರಿಹೋಯಿತು. ಕನಕಪುರದ ಕವಲಿಗೆ ಮೂರನೆಯದೂ ಬಲಿಯಾಯಿತು. ಮಳೆಗಾಲವಿಡೀ ನಾನು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಸ್ಟೇಷನ್ನಿಗೆ ಹೋದೆ. ತಲೆ ಕಡೆಗೆ ಮಾಗಡಿ, ಕಾಲ ಕಡೆಗೆ ಕನಕಪುರ, ಅಂಚಿಗೆ ಚನ್ನಪಟ್ಟಣ, ನಡುವೆ ಹುತ್ತದ ಮಣ್ಣಿನ ಬೆಟ್ಟ. ನಮ್ಮ ಹಾಸಿಗೆ ನೆಲಕ್ಕೆ ಬಂತು. ರೈಲಿಗೆ ಪ್ರಾಣ ತುಂಬುವುದಕ್ಕೆ ಮದುವೆಯಲ್ಲಿ ಉಡುಗೊರೆ ಬಂದಿದ್ದ ಅಲಾರಂ ಗಡಿಯಾರದ ಹೊಟ್ಟೆ ಸೀಳಿ ಸ್ಪ್ರಿಂಗ್ ತೆಗೆದೆ. ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಾದದ್ದು ಕೋಳಿ ಕೂಗಿದಾಗ ಮಾತ್ರ.

ಎಂಜಿನ್ನು ಮತ್ತು ಡಬ್ಬಿಗಳನ್ನು ನಮ್ಮ ಪಕ್ಕದ ಬೀದಿಯ ಗಫಾರ್ ಸಾಬರಿಗೆ ಒಪ್ಪಿಸಿದೆ. ಬೊಂಬೆಯ ಕೆಲಸದಲ್ಲಿ ಅವರ ಕೈಗೆ ಸಾಟಿಯಿಲ್ಲ. ಕಾಲಿನಿಂದ ಉಳಿಯನ್ನು ಅದುಮಿ, ಕೈಯಲ್ಲಿ ಬಿಲ್ಲಿನ ಹಗ್ಗ ಎಳೆದು, ಹಾಲೆಮರದ ತುಂಡನ್ನು ಗಿರ್ರನೆ ತಿರುಗಿಸಿ, ಅರಗಿನ ಕಡ್ಡಿ ಒತ್ತಿ ತಾಳೆಗರಿಯಿಂದ ತೀಡಿದರೆ ಮರ ಕನ್ನಡಿಯಾಗುತ್ತಿತ್ತು. ನಮ್ಮ ಮಂಚದ ಕಾಲನ್ನು ಹಿಂದೊಮ್ಮೆ ನೋಡಿ, ಇದು ತಮ್ಮ ತಂದೆಯ ಕೈಕೆಲಸ ಎಂದು ಸವರಿದ್ದರು. ನಾನು ನಕ್ಷೆ ಬಿಡಿಸಿ, ರೈಲಿನ ಗಾಲಿಗೆ ಒಳಮಗ್ಗುಲಲ್ಲಿ ಒಂದು ಅಂಚು ಎದ್ದಿರಬೇಕು, ಆ ಅಂಚೇ ಗಾಲಿಯನ್ನು ಹಳಿಯ ಮೇಲೆ ಹಿಡಿಯುವುದು, ಅದಿಲ್ಲದಿದ್ದರೆ ತಿರುವಿನಲ್ಲಿ ರೈಲು ನೆಟ್ಟಗೆ ಹೋಗಿ ಬೀಳುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಅವರು ಆಗಲಿ ಸ್ವಾಮಿ ಎಂದರು. ಮಗುವಿಗೆ ಎಷ್ಟು ವರ್ಷ ಎಂದೂ ಕೇಳಿದರು. ನಾನು ಕೆಮ್ಮಿದೆ.

ಎಂಜಿನ್ನು ಬಂತು. ಹಸಿರು ಹೊಟ್ಟೆ, ಕೆಂಪು ಮೂತಿ, ನೋಡುವುದಕ್ಕೆ ಎರಡು ಕಣ್ಣು ಸಾಲದು. ಕೀಲಿ ಕೊಟ್ಟು ಬಿಟ್ಟೆ. ಚನ್ನಪಟ್ಟಣ ಬಿಟ್ಟಿತು, ಕ್ಲೋಸ್‌ಪೇಟೆಯ ಬಂಡೆ ದಾಟಿತು, ಸುರಂಗ ಹೊಕ್ಕು ಹೊರಬಂತು, ಮಾಗಡಿ ದಾಟಿ ಕಲ್ಯದ ತಿರುವಿನಲ್ಲಿ ನೆಟ್ಟಗೆ ಹೋಗಿ ಕೆರೆಗೆ ಬಿತ್ತು. ತೆಗೆದು ನೋಡಿದರೆ ಗಾಲಿಗೆ ಅಂಚೇ ಇಲ್ಲ, ಗೋಲಿಯಂತೆ ನುಣ್ಣಗಿತ್ತು. ಸಾಬರು ಅಯ್ಯೋ ಎಂದು ಬೇರೆ ಮಾಡಿಕೊಟ್ಟರು. ಎರಡನೆಯ ಸಲವೂ ಅಂಚಿರಲಿಲ್ಲ. ರೈಲು ಮತ್ತೆ ಕಲ್ಯದ ಕೆರೆಗೆ ಬಿತ್ತು. ನಾನು ಹಳಿ ಕಿತ್ತು ತಿರುವನ್ನು ಸಡಿಲಿಸಿದೆ, ಬೆಟ್ಟ ಸರಿಸಿದೆ, ಮತ್ತೆ ಹಳಿ ಹಾಕಿದೆ, ರಾತ್ರಿ ಕಣ್ಣು ಮುಚ್ಚಿದರೂ ಅದೇ ತಿರುವು. ಟಿಕೆಟ್ ಕೇಳಿದವರಿಗೆ ತಪ್ಪು ಊರಿನ ಟಿಕೆಟ್ ಕೊಟ್ಟು ಬೈಸಿಕೊಂಡೆ. ಈ ನಡುವೆ ಗೌರಿಗೆ ಎಂಟು ತುಂಬಿತ್ತು. ಪಾರ್ವತಿ ದಿನವೂ ಮಂಚದ ಹತ್ತಿರ ಬಂದು ನಿಂತು ಹೋಗುವಳು. ಒಂದು ಸುತ್ತು, ಒಂದೇ ಸುತ್ತು ಎಂದು ನಾನು ಬೆರಳೆತ್ತಿ ತೋರಿಸುವೆ. ಅವಳಿಗೆ ಕೊಟ್ಟ ಮಾತು ನೆನಪಿರಲಿಲ್ಲವೆಂದಲ್ಲ. ಕೈ ಬಿಡಲು ಮನಸ್ಸಿಗೆ ಆಗುತ್ತಿರಲಿಲ್ಲ, ಅಷ್ಟೆ.

ಮೂರನೆಯ ಸಲ ನಾನೇ ಹೋಗಿ ಸಾಬರ ಎದುರಿಗೆ ಕೂತೆ. ಅವರು ಗಾಲಿ ಕಡೆದರು. ಅಂಚು ಎದ್ದು ನಿಂತಿತು, ನಾನು ಹೇಳಿದಂತೆಯೇ, ಕೂದಲಷ್ಟೂ ಹೆಚ್ಚು ಕಡಿಮೆಯಿಲ್ಲದೆ. ನನ್ನ ಜೀವ ಹಗುರವಾಯಿತು. ಆಮೇಲೆ ಅರಗು ಒತ್ತಿದರು, ತಾಳೆಗರಿ ಹಿಡಿದರು, ನನ್ನ ಕಡೆ ನೋಡಿ ಏನೋ ಮಾತಾಡುತ್ತ ಹೆಬ್ಬೆರಳಿನಿಂದ ಗಾಲಿಯ ಸುತ್ತ ಸವರಿದರು. ಬೆರಳಿಗೆ ಅಂಚು ತಾಗಿತು. ಮಾತು ನಿಲ್ಲಲೇ ಇಲ್ಲ. ಉಳಿ ಮಾತ್ರ ತಾನಾಗಿ ಹೋಗಿ ಸರ್ರನೆ ಅಂಚನ್ನು ತೆಗೆದುಬಿಟ್ಟಿತು. ನಾನು ಅಯ್ಯೋ ಸಾಬರೇ ಎಂದೆ. ಅವರು ಗಾಲಿಯನ್ನೂ ತಮ್ಮ ಕೈಯನ್ನೂ ಬೇರೆ ಯಾರದೋ ಎಂಬಂತೆ ನೋಡಿದರು.

“ಏನ್ ಮಾಡ್ಲಿ ಸ್ವಾಮಿ, ಐವತ್ತು ವರ್ಷದ ಕೈ ಇದು,” ಎಂದರು ಸಾಬರು ಪೆಚ್ಚಾಗಿ. “ಮಗು ಬಾಯಿಗೆ ಹಾಕೋ ಸಾಮಾನು, ಚುಚ್ಚೋ ಹಂಗೆ ಏನೂ ಇರ್ಬಾರ್ದು ಅಂತ ನಮ್ಮ ಅಬ್ಬಾ ಏಟು ಕೊಟ್ಟು ಕಲಿಸವ್ರೆ. ಬೆರಳಿಗೆ ಅಂಚು ತಾಗಿದ್ರೆ ಕೈ ಸುಮ್ನಿರಾಕಿಲ್ಲ.”

ಇದು ಯಾವ ಮಗುವಿಗೂ ಅಲ್ಲ, ನನಗೇ ಎಂದು ಕೊನೆಗೂ ಒಪ್ಪಿಕೊಂಡೆ. ಸಾಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ. “ಇವತ್ತು ನಿಮ್ಮ ಕೈಯಾಗೆ ಇರ್ತದೆ ಸ್ವಾಮಿ,” ಎಂದರು. “ಆಟದ ಸಾಮಾನು ಒಂದಲ್ಲಾ ಒಂದಿನ ಮಗು ಬಾಯಿಗೇ ಹೋಗೋದು.” ನನಗೆ ಕೋಪ ಬಂತು. ಕಾಲಾಡಿಸುವುದನ್ನು ನಿಲ್ಲಿಸಲಾರದ ನಾನು, ಕೈ ನಿಲ್ಲಿಸಲಾರದ ಅವರ ಮೇಲೆ ಕೋಪಿಸಿಕೊಂಡು ಎದ್ದು ಬಂದೆ.

ಮನೆಗೆ ಬಂದರೆ ಬಾಗಿಲಲ್ಲಿ ಗಾಡಿ ನಿಂತಿದೆ. ಪಾರ್ವತಿಯ ತಮ್ಮ ಚನ್ನಪ್ಪ ಕಲ್ಯದಿಂದ ಬಂದು ಜಗಲಿಯ ಮೇಲೆ ಕೂತಿದ್ದಾನೆ. ಗೌರಿಗೆ ದಿನ ಹತ್ತಿರವಾಗಿದೆ, ಮಂಚ ಒಯ್ಯಲು ಅವ್ವ ಕಳಿಸಿದಳು ಎಂದ. ಒಳಗೆ ಬಂದು ಮಂಚ ನೋಡಿದ. ಬೆಟ್ಟ, ಕೆರೆ, ಸುರಂಗ, ಹಳಿ. “ಭಾವ, ಮಂಚ ಎಲ್ಲೈತೆ?” ಎಂದ. ಎರಡು ದಿನ ತಡೆ, ಒಂದೇ ಸುತ್ತು ಬಾಕಿ ಎಂದು ನಾನು ಗೋಗರೆದೆ. ಆಗ ಪಾರ್ವತಿ ಅಡುಗೆಮನೆಯಿಂದ ಬಂದು ನನ್ನೆದುರು ನಿಂತಳು.

“ನನ್ ಹೊಟ್ಟೇಲಿ ಒಂದು ಹುಟ್ಟಿ ಇದರ ಮ್ಯಾಲೆ ಮಲಗ್ನಿಲ್ಲ,” ಎಂದಳು. “ನನ್ ತಂಗೀದಾದ್ರೂ ಮಲಗ್ಲಿ. ನೀವು ಬಂದ್ರೂ ಸರಿ, ಬರ್ದಿದ್ರೂ ಸರಿ, ನಾನು ಈ ಮಂಚದ ಜೊತೇಲೇ ಹೋಯ್ತೀನಿ.”

ಎಷ್ಟೋ ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ಮೀಸೆಯಿದ್ದ ಆ ಸೀಮೆಯ ಮನುಷ್ಯನ ಮೇಲೂ ಸಿಟ್ಟು ಬಂತು. ರಜಾ ಅರ್ಜಿ ಬರೆದು ಸ್ಟೇಷನ್ನಿಗೆ ಕೊಟ್ಟು ಬಂದೆ. ಮೊಳೆಗಳನ್ನು ನಾಜೂಕಾಗಿ ಕೀಳಲು ಹೊತ್ತಿರಲಿಲ್ಲ, ಕಲ್ಯಕ್ಕೆ ಹೋಗಿ ಬಿಚ್ಚುತ್ತೇನೆಂದು ಹೇಳಿ, ರೈಲು ದಾರಿಯ ಸಮೇತ ಮಂಚವನ್ನು ಗಾಡಿಗೆ ಏರಿಸಿದೆವು. ಪಾರ್ವತಿ ಮುಂದೆ ಕೂತಳು. ನಾನು ಹಿಂದೆ, ಮಂಚದ ಪಕ್ಕ, ಬೆಟ್ಟ ಬೀಳದಂತೆ ಎರಡು ಕೈಯಲ್ಲಿ ಅಪ್ಪಿಕೊಂಡು. ಇಳಿದು ನಡೆಯುವಂತಿಲ್ಲ, ಕಾಲಾಡಿಸಿದರೆ ಸುರಂಗ ಉದುರುತ್ತದೆ. ದಾರಿಯಲ್ಲಿ ಒಂದು ಛತ್ರದಲ್ಲಿ ತಂಗಿದ್ದು ಬಿಟ್ಟರೆ ಕಲ್ಯದವರೆಗೆ ಹಾಗೆಯೇ ಕೂತಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಕದಲದೆ ಕೂತದ್ದು ಅದೊಂದೇ ಸಲ.

ಕ್ಲೋಸ್‌ಪೇಟೆ ಬಿಟ್ಟು ಮಾಗಡಿ ದಾರಿ ಹಿಡಿದ ಮೇಲೆ ಹೊಲದವರು ಕೆಲಸ ಬಿಟ್ಟು ಬಂದು ನೋಡತೊಡಗಿದರು. ಮಾಗಡಿಯ ಅರಳಿಕಟ್ಟೆಯಲ್ಲಿ ಕೂತಿದ್ದ ಮುದುಕರೊಬ್ಬರು ಗಾಡಿ ನಿಲ್ಲಿಸಿ ಹಳಿಯನ್ನು ಮುಟ್ಟಿ ನೋಡಿ, ಇದು ಎಲ್ಲಿಗೆ ಎಂದು ಕೇಳಿದರು. ಕಲ್ಯಕ್ಕೆ ಎಂದ ಚನ್ನಪ್ಪ. “ಅಂತೂ ಸರ್ಕಾರ್ದೋರು ರೈಲು ಕಳುಸ್ಬುಟ್ರು ಅನ್ನಿ,” ಎಂದು ಅವರು ನಿಟ್ಟುಸಿರು ಬಿಟ್ಟರು. “ಒಸಿ ಚಿಕ್ಕದಾಯ್ತು.” ಪಾರ್ವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮೂರು ವರ್ಷದ ನಂತರ ತವರಿಗೆ ಹೋಗುತ್ತಿದ್ದವಳ ಆ ನಗು ನೋಡಿ, ಇಷ್ಟು ದಿನ ತಡೆದದ್ದು ಇದನ್ನೇ ಅಲ್ಲವೇ ಎಂದು ನನಗೆ ಕಸಿವಿಸಿಯಾಯಿತು.

ಕಲ್ಯದಲ್ಲಿ ನಾವು ಗಾಡಿಯಿಂದ ಮಂಚ ಇಳಿಸುತ್ತಿರುವಾಗಲೇ ಗೌರಿಗೆ ನೋವು ಶುರುವಾಗಿತ್ತು. ದಿನಕ್ಕೆ ಮುಂಚೆಯೇ. ಒಳಗೆ ಚಾಪೆ ಹಾಸಿದ್ದರು, ಸೂಲಗಿತ್ತಿ ಬಂದಿದ್ದಳು, ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕಿದ್ದರು. ಅತ್ತೆ ಮಂಚವನ್ನು ನೋಡಿ ಬಾಯಿ ಬಿಡಲೂ ಪುರುಸೊತ್ತಿಲ್ಲದೆ ಒಳಗೆ ಹೋದರು. ಪಾರ್ವತಿ ಸುತ್ತಿಗೆ ತಂದು ನನ್ನ ಮುಂದೆ ಹಿಡಿದಳು. ನಾನು ಮೊದಲು ಕಲ್ಯದ ಸ್ಟೇಷನ್ ಕಿತ್ತೆ. ಆಮೇಲೆ ಕೈ ನಿಲ್ಲಲಿಲ್ಲ. ಮಾಗಡಿ, ಬೆಟ್ಟ, ಸುರಂಗ, ಕನಕಪುರ, ಕೊನೆಗೆ ನಾನಿದ್ದ ಚನ್ನಪಟ್ಟಣ. ಹಂಡೆಯ ನೀರು ಕಾಯುವಷ್ಟರಲ್ಲಿ ಮಂಚ ಮತ್ತೆ ಮಂಚವಾಗಿತ್ತು. ಮೊಳೆಯ ತೂತುಗಳಿಗೆ ಪಾರ್ವತಿ ಮೇಣ ತುಂಬಿ, ಒರೆಸಿ, ಹಳೆಯ ಸೀರೆ ಹಾಸಿದಳು. ದೀಪ ಹಚ್ಚುವ ಹೊತ್ತಿಗೆ ಒಳಗೆ ಮಗು ಅತ್ತಿತು. ಹೆಣ್ಣು. ಅದನ್ನು ಎತ್ತಿ ತಂದು ಮಂಚದ ಮೇಲೆ ತಾಯಿಯ ಪಕ್ಕದಲ್ಲಿ ಮಲಗಿಸಿದವಳು ಪಾರ್ವತಿ. ನನ್ನ ಕಣ್ಣು ಮಂಜಾಯಿತು; ರೈಲು ಹೋದದ್ದಕ್ಕೆ ಅಲ್ಲ.

ಹಳಿ, ಡಬ್ಬಿ, ಗಾಲಿ ಎಲ್ಲವನ್ನೂ ಒಂದು ಮಂಕರಿಗೆ ತುಂಬಿ ಕೊಟ್ಟಿಗೆಯ ಮೂಲೆಯಲ್ಲಿಟ್ಟು ಊರಿಗೆ ಮರಳಿದೆ. ನನ್ನ ರೈಲು ಒಂದು ಸುತ್ತು ಪೂರ್ತಿ ಓಡಲೇ ಇಲ್ಲ. ಪಾರ್ವತಿ ಮೂರು ತಿಂಗಳು ಅಲ್ಲೇ ಬಾಣಂತನಕ್ಕೆ ನಿಂತಳು. ನಾನು ಅಡುಗೆ ಮಾಡಿಕೊಂಡು, ಅಲಾರಂ ಇಲ್ಲದೆ ತಡವಾಗಿ ಎದ್ದು, ಛತ್ರಿ ಇಲ್ಲದೆ ನೆನೆದು ಕಾಲ ಹಾಕಿದೆ.

ಮಗುವಿಗೆ ಏಳೆಂಟು ತಿಂಗಳಾದಾಗ ಮತ್ತೆ ಕಲ್ಯಕ್ಕೆ ಹೋದೆವು. ಗಾಡಿಯಲ್ಲೇ. ಅರ್ಧ ದಾರಿ ನಡೆದೆ ಅನ್ನಿ, ಆದರೆ ಹೋದೆ. ಪಡಸಾಲೆಯಲ್ಲಿ ಆ ಮಂಚದ ಪಕ್ಕ ಮಗು ಕೂತಿತ್ತು, ಆಗತಾನೆ ಹಲ್ಲು ಬರುತ್ತಿತ್ತು. ಕೈಯಲ್ಲಿ ನನ್ನ ಎಂಜಿನ್ನಿನ ಗಾಲಿ. ಯಾರೋ ಮಂಕರಿಯಿಂದ ತೆಗೆದು ಕೊಟ್ಟಿದ್ದರು. ಅದನ್ನು ಬಾಯಿಗೆ ಹಾಕಿ, ವಸಡಿಗೆ ಒತ್ತಿ, ಜೊಲ್ಲು ಸುರಿಸುತ್ತ ಕಡಿಯುತ್ತಿತ್ತು. ನಾನು ಮಗುವಿನ ಬಾಯಿಂದ ಅದನ್ನು ಮೆಲ್ಲಗೆ ತೆಗೆದು, ಹೆಬ್ಬೆರಳಿನಿಂದ ಸುತ್ತ ಸವರಿದೆ. ಎಲ್ಲೂ ಏನೂ ಚುಚ್ಚಲಿಲ್ಲ. ಮಗು ಅತ್ತಿತು, ಕೊಟ್ಟುಬಿಟ್ಟೆ.

ಅಳಿಯಂದಿರು ಮಾಡಿಸಿದ ಆಟದ ಸಾಮಾನು ಬಹಳ ಚೆನ್ನಾಗಿದೆ, ಎಷ್ಟು ಕಡಿದರೂ ಮಗುವಿನ ಬಾಯಿಗೆ ಒಂದು ಗೀರೂ ಬೀಳಲಿಲ್ಲ ಎಂದು ಅತ್ತೆ ಹೊಗಳಿದರು. ಗಫಾರ್ ಸಾಬರ ಹೆಸರು ನಾಲಿಗೆಯ ತುದಿಗೆ ಬಂತು. ಆದರೆ ಹೊಗಳಿಕೆ ನನ್ನ ಪಾಲಿಗೆ ಅಪರೂಪದ ವಸ್ತು. ಹೌದು, ಮೊದಲೇ ಯೋಚನೆ ಮಾಡಿ, ಅಂಚು ಇರಕೂಡದೆಂದು ನಾನೇ ಎದುರು ಕೂತು ತೆಗೆಸಿದೆ ಎಂದೆ. ಬಾಗಿಲಲ್ಲಿ ನಿಂತಿದ್ದ ಪಾರ್ವತಿ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಎರಡೂ ಒಟ್ಟಿಗೆ ಅಲ್ಲಾಡುತ್ತಿದ್ದವು.